ಕ್ಯಾಬಿನ್ನಿನೊಳಗಿನ ಪುಟ್ಟ ಟವರ್

ಸಕಲೇಶಪುರ ದಾಟಿ ದೋಣಿಗಾಲ್ ಬರುವಷ್ಟರಲ್ಲಿ ಕ್ಲೀನರ್ ಹುಡುಗನ ಫೋನಿನಲ್ಲಿ ಹಾಡು ನಿಂತು, ಪರದೆಯ ನಡುವೆ ಒಂದು ಉಂಗುರ ಗಿರಗಿರನೆ ಸುತ್ತತೊಡಗುತ್ತದೆ.

"ಅಣ್ಣಾ, ಹಾಟ್‌ಸ್ಪಾಟ್ ಹೋಯ್ತು."

"ಹಾಟ್‌ಸ್ಪಾಟ್ ಎಲ್ಲಿ ಹೋಗ್ತದೋ, ಇಲ್ಲೇ ಇದೆ. ನೆಟ್ಟು ಹೋಗಿರೋದು" ಅನ್ನುತ್ತಾನೆ ಡ್ರೈವರ್, ರಸ್ತೆಯಿಂದ ಕಣ್ಣು ಕೀಳದೆ.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರು ಕಡೆ ಅನಿಲ ಇಳಿಸಿ ಮಂಗಳೂರಿಗೆ ಖಾಲಿ ಮರಳುವ ಗ್ಯಾಸ್ ಟ್ಯಾಂಕರ್‌ಗಳಲ್ಲಿ ಈ ಮಾತುಕತೆ ದಿನವೂ ನಡೆಯುವಂಥದ್ದು. ಕ್ಯಾಬಿನ್ನಿನಲ್ಲಿ ಇಬ್ಬರು, ಫೋನೂ ಎರಡು, ಆದರೆ ಪ್ಯಾಕ್ ಇರುವುದು ಒಂದರಲ್ಲೇ. ಡ್ರೈವರಿನ ಫೋನು ಗಾಜಿನ ಹತ್ತಿರ ಸ್ಟ್ಯಾಂಡಿನಲ್ಲಿ ಕೂತು ದಾರಿ ತೋರಿಸುತ್ತಿರುತ್ತದೆ. ಕ್ಲೀನರಿನ ಫೋನು ಅದರಿಂದ ನೆಟ್ಟು ಎರವಲು ಪಡೆದು ಯೂಟ್ಯೂಬ್ ನೋಡುತ್ತಿರುತ್ತದೆ. ಡ್ರೈವರ್ ಭೌತಶಾಸ್ತ್ರ ಓದಿಲ್ಲದಿರಬಹುದು, ಅವನು ಕೊಟ್ಟ ಉತ್ತರ ಮಾತ್ರ ಪಕ್ಕಾ. ಅವನ ಫೋನಿನೊಳಗೆ ಒಂದಲ್ಲ, ಎರಡು ರೇಡಿಯೊಗಳಿವೆ. ಒಂದು ಎಲ್ಲೋ ಗುಡ್ಡದಾಚೆಯ ಟವರಿನ ಜೊತೆ ಮಾತಾಡುತ್ತದೆ. ಇನ್ನೊಂದು ಎರಡಡಿ ದೂರದಲ್ಲಿ ಕೂತ ಹುಡುಗನ ಫೋನಿನ ಜೊತೆ. ಎರಡನೆಯದಕ್ಕೆ ಏನೂ ಆಗಿಲ್ಲ. ಶಿರಾಡಿ ಘಾಟಿ ಇಳಿದು ಮುಗಿಯುವವರೆಗೂ ಕ್ಲೀನರಿನ ಪರದೆಯ ಮೇಲೆ ವೈಫೈ ಗುರುತು ತುಂಬಿಕೊಂಡೇ ಇರುತ್ತದೆ. ನಲ್ಲಿ ಚೆನ್ನಾಗಿದೆ, ಟ್ಯಾಂಕಿಯಲ್ಲಿ ನೀರಿಲ್ಲ.

ಈ ಎರಡು ರೇಡಿಯೊಗಳ ಸ್ವಭಾವವೇ ಬೇರೆ. ಟವರಿಗೆ ಕೂಗುವ 4ಜಿ ರೇಡಿಯೊ ಗರಿಷ್ಠ ಸುಮಾರು 200 ಮಿಲಿವಾಟ್ ಶಕ್ತಿ ಬಳಸುತ್ತದೆ. ಅದು ಬಳಸುವ ತರಂಗಗಳು ಸರ್ಕಾರ ಹರಾಜು ಹಾಕಿ ಕಂಪನಿಗಳಿಗೆ ಮಾರಿದ ಸೊತ್ತು: 850, 1800, 2300 ಮೆಗಾಹರ್ಟ್ಸ್ ಹೀಗೆ. ವೈಫೈ ರೇಡಿಯೊ ಸಾಮಾನ್ಯವಾಗಿ ಓಡಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ಗೋಮಾಳದಲ್ಲಿ. ಅಲ್ಲಿ ಯಾರ ಹಸು ಬೇಕಾದರೂ ಮೇಯಬಹುದು, ಪರವಾನಗಿ ಬೇಡ. ಅಮೆರಿಕ ಇಂಥ ಗೋಮಾಳಗಳನ್ನು ಸಂವಹನಕ್ಕೆ ತೆರೆದದ್ದು 1985ರಲ್ಲಿ, ಭಾರತ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದು 2005ರಲ್ಲಿ. ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಅದೇ ಹುಲ್ಲುಗಾವಲಿನಲ್ಲೇ ಮೇಯುತ್ತದೆ.

ಹಾಟ್‌ಸ್ಪಾಟ್ ಆನ್ ಮಾಡಿದ ಕ್ಷಣ ಡ್ರೈವರಿನ ಫೋನು ಒಂದು ಪುಟ್ಟ ಅಂಚೆ ಕಚೇರಿಯಾಗುತ್ತದೆ. ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ವಿಳಾಸ ಬೇಕು. ಕ್ಲೀನರಿನ ಫೋನಿಗೆ ಸ್ವಂತ ವಿಳಾಸವಿಲ್ಲ. ಡ್ರೈವರಿನ ಫೋನು ಅದಕ್ಕೆ 192.168 ಎಂದು ಶುರುವಾಗುವ ಮನೆಯೊಳಗಿನ ನಂಬರೊಂದನ್ನು ಕೊಡುತ್ತದೆ, ಕ್ಯಾಬಿನ್ನಿನ ಹೊರಗೆ ಅದಕ್ಕೆ ಬೆಲೆಯಿಲ್ಲ. ಹುಡುಗ ಹಾಡು ಕೇಳಿದಾಗ ಆ ಕೋರಿಕೆಯ ಮೇಲಿನ ಹೆಸರನ್ನು ಅಳಿಸಿ, ತನ್ನ ಹೆಸರು ಬರೆದು, ಮೂಲೆಯಲ್ಲೊಂದು ಗುರುತಿನ ಸಂಖ್ಯೆ ಹಾಕಿ ಕಳಿಸುತ್ತದೆ. ಉತ್ತರ ಬಂದಾಗ ಆ ಸಂಖ್ಯೆ ನೋಡಿ, ಇದು ಹುಡುಗನದು ಎಂದು ಒಳಗೆ ದಾಟಿಸುತ್ತದೆ. ಸಣ್ಣ ಊರಿನ ಬಾಡಿಗೆ ಮನೆಯ ಹುಡುಗರಿಗೆ ಬರುವ ಕಾಗದಗಳಂತೆ, ಎಲ್ಲವೂ 'ಕೇರಾಫ್'.

ಸ್ವಾರಸ್ಯವೆಂದರೆ ಡ್ರೈವರಿನ ಫೋನಿಗೂ ಎಷ್ಟೋ ಸಲ ಸ್ವಂತ ವಿಳಾಸ ಇರುವುದಿಲ್ಲ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಅವು ಸಾಲದೆ ಮೊಬೈಲ್ ಕಂಪನಿಗಳೂ ಸಾವಿರಾರು ಗ್ರಾಹಕರನ್ನು ಒಂದೇ ವಿಳಾಸದ ಕೇರಾಫ್ ಇಡುತ್ತವೆ. ಹೀಗಾಗಿ ಶಿರಾಡಿಯ ತಿರುವಿನಲ್ಲಿ ಕೇಳಿದ ಹಾಡು ಕೇರಾಫಿನ ಕೇರಾಫಾಗಿ ಬರುತ್ತದೆ. ಇದಕ್ಕೊಂದು ತಾಪತ್ರಯವೂ ಇದೆ. ಡಾಬಾದಲ್ಲಿ ಪರಿಚಯವಾದವನಿಗೆ ಪಾಸ್‌ವರ್ಡ್ ಹೇಳಿದರೆ, ಅವನು ಆ ನೆಟ್ಟಿನಲ್ಲಿ ಮಾಡಿದ್ದೆಲ್ಲ ಕಂಪನಿಯ ದಾಖಲೆಯಲ್ಲಿ ಡ್ರೈವರಿನ ಸಿಮ್ಮಿನ ಖಾತೆಗೇ ಬೀಳುತ್ತದೆ. ಈ ಪಾಸ್‌ವರ್ಡಿಗೆ ಕನಿಷ್ಠ ಎಂಟು ಅಕ್ಷರ ಬೇಕೆಂಬ ನಿಯಮವಿದೆ. ಒಂದರಿಂದ ಎಂಟರವರೆಗೆ ಎಣಿಸಿ ಆ ನಿಯಮ ಪಾಲಿಸುವವರಿಗೇನೂ ಕೊರತೆಯಿಲ್ಲ.

ಸರಿ, ನೆಟ್ಟು ಹೋದದ್ದೇಕೆ? ಲಾರಿ ಓಡುತ್ತಿರುವುದರಿಂದ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ವೇಗದ ಪಾಲು ಅಲ್ಪ. ಹತ್ತಿರ ಬರುವ ರೈಲಿನ ಸಿಳ್ಳೆ ಕೀರಲಾಗಿ, ದೂರ ಹೋಗುವಾಗ ಗಡಸಾಗಿ ಕೇಳುವ ಡಾಪ್ಲರ್ ಪರಿಣಾಮ ರೇಡಿಯೊ ಅಲೆಗಳಿಗೂ ಉಂಟು. ಘಾಟಿಯಲ್ಲಿ ಗಂಟೆಗೆ 30 ಕಿಲೋಮೀಟರಿನಲ್ಲಿ ಇಳಿಯುವ ಲಾರಿಗೆ 1800 ಮೆಗಾಹರ್ಟ್ಸಿನ ಅಲೆ ಹೆಚ್ಚೆಂದರೆ 50 ಹರ್ಟ್ಸ್‌ನಷ್ಟು ಆಚೀಚೆ ಸರಿದಂತೆ ಕಾಣುತ್ತದೆ. 4ಜಿಯಲ್ಲಿ ಅಕ್ಕಪಕ್ಕದ ಎರಡು ಉಪವಾಹಕ ಅಲೆಗಳ ನಡುವಿನ ಅಂತರವೇ 15,000 ಹರ್ಟ್ಸ್. ಗಂಟೆಗೆ 350 ಕಿಲೋಮೀಟರಿನ ರೈಲಿನಲ್ಲೂ ಕೆಲಸ ಮಾಡಬೇಕೆಂದು ರೂಪಿಸಿದ ವ್ಯವಸ್ಥೆಗೆ ಎರಡನೇ ಗೇರಿನ ಟ್ಯಾಂಕರ್ ಯಾವ ಲೆಕ್ಕ?

ವೇಗಕ್ಕಿಂತ ಸೂಕ್ಷ್ಮವಾದ ತೊಡಕು ಬೇರೆಯದು. ಟವರಿನಿಂದ ಹೊರಟ ಅಲೆ ನೇರವಾಗಿ ಒಂದೇ ದಾರಿಯಲ್ಲಿ ಬರುವುದಿಲ್ಲ. ಎದುರಿನ ಬಂಡೆಗೆ ಬಡಿದು, ಪಕ್ಕದ ಲಾರಿಗೆ ತಾಗಿ, ತಡೆಗೋಡೆಗೆ ಸಿಡಿದು ಹತ್ತು ದಾರಿಗಳಲ್ಲಿ ಬಂದು ಆಂಟೆನಾ ಸೇರುತ್ತದೆ. ಆ ಹತ್ತು ಒಂದಕ್ಕೊಂದು ಕೂಡಿದರೆ ಸಂಕೇತ ಬಲವಾಗುತ್ತದೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದರೆ ಸಾಯುತ್ತದೆ. 1800 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಬಲದ ಜಾಗಕ್ಕೂ ಮುಂದಿನ ಬಲದ ಜಾಗಕ್ಕೂ ನಡುವೆ ಸುಮಾರು ಅದರ ಅರ್ಧ, ಅಂದರೆ ಒಂದು ಗೇಣಿಗೂ ಕಡಿಮೆ. ಸೆಕೆಂಡಿಗೆ ಎಂಟು ಮೀಟರ್ ಸಾಗುವ ಲಾರಿಯ ಫೋನು ಸೆಕೆಂಡಿಗೆ ನೂರು ಸಲ ಈ ಉಬ್ಬುತಗ್ಗುಗಳನ್ನು ಹಾಯುತ್ತದೆ. ಟಾರು ಕಿತ್ತ ರಸ್ತೆಯಲ್ಲಿ ಚಕ್ರಗಳಿಗೆ ಆಗುವ ಪಾಡೇ ಇಲ್ಲಿ ಗಾಳಿಯಲ್ಲಿ ಆಂಟೆನಾಗೆ. ಫೋನು ಮತ್ತು ಟವರು ಕೆಲವೇ ಮಿಲಿಸೆಕೆಂಡಿಗೊಮ್ಮೆ "ಈಗ ಹೇಗೆ ಕೇಳ್ತಿದೆ?" ಎಂದು ವಿಚಾರಿಸಿಕೊಂಡು, ಕೇಳದಿದ್ದರೆ ಹೇಳಿದ್ದನ್ನೇ ಮತ್ತೆ ಹೇಳಿ, ಈ ಕುಲುಕಾಟವನ್ನು ಕ್ಲೀನರಿನ ಗಮನಕ್ಕೇ ಬಾರದಂತೆ ನುಂಗಿಬಿಡುತ್ತವೆ.

ನುಂಗಲಾಗದ್ದು ಗುಡ್ಡ.

ಶಿರಾಡಿ ಘಾಟಿಯ ರಸ್ತೆ ಕೆಂಪುಹೊಳೆಯ ಪಕ್ಕ ಬೆಟ್ಟದ ಮಡಿಲಲ್ಲೇ ಬಾಗಿ ಬಾಗಿ ಇಳಿಯುತ್ತದೆ. ಟವರು ಮತ್ತು ಲಾರಿಯ ನಡುವೆ ಒಂದು ದಿಣ್ಣೆ ಬಂತೆಂದರೆ ಅಲೆ ಅದರ ನೆತ್ತಿಯ ಮೇಲೆ ಬಾಗಿ ಇಳಿಯಬೇಕು. ಉದ್ದದ ಅಲೆಗಳು ಚೆನ್ನಾಗಿ ಬಾಗುತ್ತವೆ, ಗಿಡ್ಡ ಅಲೆಗಳು ನೇರ ಹಾರಿ ಹೋಗುತ್ತವೆ. 850 ಮೆಗಾಹರ್ಟ್ಸಿನ 35 ಸೆಂಟಿಮೀಟರಿನ ಅಲೆ ಕಣಿವೆಗೆ ಸ್ವಲ್ಪವಾದರೂ ಇಣುಕುತ್ತದೆ, 2300 ಮೆಗಾಹರ್ಟ್ಸಿನ 13 ಸೆಂಟಿಮೀಟರಿನದು ದಿಣ್ಣೆಯಾಚೆ ನೆರಳನ್ನೇ ಬಿಟ್ಟು ಹೋಗುತ್ತದೆ. ಮಳೆಗಾಲದಲ್ಲಿ ನೆನೆದ ಎಲೆಗಳು ಉಳಿದದ್ದರಲ್ಲೂ ಒಂದಷ್ಟು ಹೀರುತ್ತವೆ. ಪೇಟೆಯಲ್ಲಿ ವೇಗದ ನೆಟ್ಟಿಗೆ ಹೆಸರಾದ ತರಂಗಗಳೇ ಘಾಟಿಯಲ್ಲಿ ಮೊದಲು ಕೈಕೊಡುತ್ತವೆ.

ಇದರ ಜೊತೆಗೆ ಕೈಬದಲಿ. ಫೋನು ತಾನು ಹಿಡಿದ ಟವರಿನ ಬಲವನ್ನಷ್ಟೇ ಅಲ್ಲ, ಅಕ್ಕಪಕ್ಕದವುಗಳ ಬಲವನ್ನೂ ಸದಾ ಅಳೆಯುತ್ತಿರುತ್ತದೆ. ಪಕ್ಕದ್ದು ಇದ್ದದ್ದಕ್ಕಿಂತ ನಿಗದಿತ ಪ್ರಮಾಣದಲ್ಲಿ ಬಲವಾಗಿ, ಒಂದಿಷ್ಟು ಹೊತ್ತು ಹಾಗೇ ಉಳಿದರೆ ವರದಿ ಮಾಡುತ್ತದೆ. ಟವರುಗಳು ತಮ್ಮಲ್ಲೇ ಮಾತಾಡಿಕೊಂಡು ಅದನ್ನು ದಾಟಿಸುತ್ತವೆ. ಬಯಲು ಸೀಮೆಯಲ್ಲಿ ಇದು ಬಳ್ಳಿಯ ಹಾಗೆ ನಯವಾಗಿ ಹಬ್ಬಿಕೊಂಡು ಹೋಗುತ್ತದೆ: ಒಂದು ಕ್ಷೀಣಿಸುತ್ತ ಇನ್ನೊಂದು ಬಲಿಯುತ್ತದೆ. ಘಾಟಿಯಲ್ಲಿ ಒಂದು ತಿರುವು ಸುತ್ತುವ ಹೊತ್ತಿಗೆ ಹಿಡಿದದ್ದು ಬಂಡೆಯ ಹಿಂದೆ ಸಂಪೂರ್ಣ ಮಾಯ. 'ಒಂದಿಷ್ಟು ಹೊತ್ತು' ಕಾಯುವಷ್ಟರಲ್ಲಿ ಕೈ ತಪ್ಪಿರುತ್ತದೆ. ಕಾಯುವ ಹೊತ್ತನ್ನು ಕಡಿಮೆ ಮಾಡಿದರೆ ಮತ್ತೊಂದು ಕಾಟ: ಲಾರಿ ಬಲಕ್ಕೆ ತಿರುಗಿದಾಗ ಒಂದು ಟವರು, ಎಡಕ್ಕೆ ತಿರುಗಿದಾಗ ಇನ್ನೊಂದು ಎಂದು ಫೋನು ಚೆಂಡಿನಂತೆ ಅತ್ತಿತ್ತ ಪುಟಿಯುತ್ತದೆ.

ಕೈ ತಪ್ಪುವ ಹೊತ್ತಿನಲ್ಲಿ ಫೋನು ಸುಮ್ಮನಿರುವುದಿಲ್ಲ, ಅರಚುತ್ತದೆ. ಸಂಕೇತ ಕ್ಷೀಣವಾದಷ್ಟೂ ತನ್ನ ದನಿಯನ್ನು ಗರಿಷ್ಠದತ್ತ ಏರಿಸಿ ಟವರಿಗೆ ಕೇಳಿಸಲು ಒದ್ದಾಡುತ್ತದೆ. ಮೈನಸ್ 110 ಡಿಬಿಎಂ ಎಂದು ತಂತ್ರಜ್ಞರು ಕರೆಯುವ ಬಡ ಸಂಕೇತದಲ್ಲಿ ಆಂಟೆನಾಗೆ ದಕ್ಕುವ ಶಕ್ತಿ ಫೋನು ತಾನೇ ಹೊರಡಿಸಬಲ್ಲ 200 ಮಿಲಿವಾಟಿನ 20 ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೂ ಹಾಡು ಬಿಡಿಸಿ ತೆಗೆಯುತ್ತದೆಂಬುದೇ ಬೆರಗು. ಪರದೆಯ ಮೂಲೆಯ ಕಡ್ಡಿಗಳನ್ನು ಮಾತ್ರ ಅತಿಯಾಗಿ ನಂಬಬಾರದು. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಫೋನು ಮಾಡಿದವರ ಮರ್ಜಿ. 2010ರಲ್ಲಿ ಆಪಲ್ ಕಂಪನಿಯೇ, ತನ್ನ ಐಫೋನ್ ಕಡ್ಡಿ ಎಣಿಸುವ ಸೂತ್ರ ತಪ್ಪಾಗಿದ್ದು ಎರಡು ಇರಬೇಕಾದಲ್ಲಿ ನಾಲ್ಕು ತೋರಿಸುತ್ತಿತ್ತೆಂದು ಒಪ್ಪಿಕೊಂಡಿತು.

ಅರಚಾಟದ ಜೊತೆ ಹಾಟ್‌ಸ್ಪಾಟು, ಮ್ಯಾಪು, ಚಾರ್ಜಿಂಗು, ಮೇಲೆ ಗಾಜಿನ ಮೂಲಕ ಬೀಳುವ ಬಿಸಿಲು. ಚನ್ನರಾಯಪಟ್ಟಣದ ಕಡೆಯ ಬೇಸಿಗೆಯ ಮಧ್ಯಾಹ್ನದಲ್ಲಿ ಇಂಥ ಫೋನು ಕಾದ ಕಾವಲಿಯಾಗಿ, ತನ್ನನ್ನು ಉಳಿಸಿಕೊಳ್ಳಲು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಬಿಸಿ ತಪ್ಪಿಸಲು ಸೀಟಿನ ಕೆಳಗಿಟ್ಟರೆ ಇನ್ನೊಂದು ನಷ್ಟ. ಕ್ಯಾಬಿನ್ನು ತಗಡಿನ ಪೆಟ್ಟಿಗೆ. ರೇಡಿಯೊ ಅಲೆಗೆ ತಗಡು ಗೋಡೆ, ಗಾಜು ಬಾಗಿಲು. ಹದವಾದ ಜಾಗವೆಂದರೆ ಗಾಜಿಗೆ ಹತ್ತಿರ, ಬಿಸಿಲಿಗೆ ದೂರ. ಅನುಭವಿ ಡ್ರೈವರುಗಳು ಸ್ಟ್ಯಾಂಡನ್ನು ಎಸಿ ಇಲ್ಲದ ಗಾಡಿಯಲ್ಲೂ ಗಾಳಿ ಬರುವ ಕಿಟಕಿಯ ಮಗ್ಗುಲಿಗೆ ಸಿಕ್ಕಿಸಿರುವುದು ಸುಮ್ಮನೆ ಅಲ್ಲ.

ಈ ದಾರಿಯಲ್ಲೇ ಹಿಂದೆ ಬಿಟ್ಟುಬಂದ ಹಾಸನದಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. 1982ರಿಂದ ಅಲ್ಲಿನ ದೊಡ್ಡ ಬಟ್ಟಲು ಆಂಟೆನಾಗಳು ಭೂಸ್ಥಿರ ಉಪಗ್ರಹಗಳ ಕಡೆ ಮುಖ ಮಾಡಿ ಕೂತಿವೆ. ಟವರು ಕೈಕೊಟ್ಟಲ್ಲಿ ಲಾರಿಯೇ ನೇರ ಉಪಗ್ರಹದ ಜೊತೆ ಮಾತಾಡಿದರೇನು? ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರ ಕೊಟ್ಟ ಅಮೆರಿಕದ ಟ್ರಕ್ಕುಗಳ ಕತೆ ಕ್ಲೀನರಿನ ಕೈಯ ಫೋನಿನವರೆಗೂ ಬಂದು ಮುಟ್ಟುತ್ತದೆ.

ಅಲ್ಲಿನ ಟ್ರಕ್ ಚಾಲಕರ ಮೊದಲ ನಿಸ್ತಂತು ಸಲಕರಣೆ ಸಿಟಿಜನ್ಸ್ ಬ್ಯಾಂಡ್ ಎಂಬ 27 ಮೆಗಾಹರ್ಟ್ಸಿನ ರೇಡಿಯೊ. 1973ರ ತೈಲ ಬಿಕ್ಕಟ್ಟಿನ ನಂತರ ಹೆದ್ದಾರಿ ವೇಗಕ್ಕೆ ಗಂಟೆಗೆ 55 ಮೈಲಿಯ ಮಿತಿ ಬಂದಾಗ, ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ತಿಳಿಸಲು ಅದು ಮನೆಮಾತಾಯಿತು. ಆದರೆ ಅದು ಕೆಲವೇ ಮೈಲಿಗಳ ಕೂಗು. ಸಾವಿರ ಮೈಲಿ ದೂರದ ಕಚೇರಿಗೆ ತನ್ನ ಟ್ರಕ್ಕು ಎಲ್ಲಿದೆ ಎಂದು ತಿಳಿಯಬೇಕಾದರೆ, ಚಾಲಕ ಗಾಡಿ ನಿಲ್ಲಿಸಿ ದೂರವಾಣಿ ಹುಡುಕಬೇಕಿತ್ತು.

1985ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮೊದಲಾದವರು ಸೇರಿ ಕ್ವಾಲ್ಕಾಮ್ ಕಂಪನಿ ಶುರು ಮಾಡಿದರು. 1988ರಲ್ಲಿ ಅವರು ಮಾರುಕಟ್ಟೆಗೆ ತಂದ ಆಮ್ನಿಟ್ರಾಕ್ಸ್ ಎಂಬ ವ್ಯವಸ್ಥೆಗೆ ಮೊದಲ ದೊಡ್ಡ ಗಿರಾಕಿ ಶ್ನೈಡರ್ ನ್ಯಾಷನಲ್ ಎಂಬ ಟ್ರಕ್ ಸಂಸ್ಥೆ. ಟ್ರಕ್ಕಿನ ತಲೆಯ ಮೇಲೆ ಒಂದು ಬಿಳಿ ಗುಮ್ಮಟ. ಗಾಡಿ ಎತ್ತ ತಿರುಗಿದರೂ ಅದರೊಳಗಿನ ಆಂಟೆನಾ ತಾನೇ ತಿರುಗಿ ಉಪಗ್ರಹದ ದಿಕ್ಕನ್ನು ಹಿಡಿದಿರುತ್ತಿತ್ತು. ಕ್ಯಾಬಿನ್ನಿನಲ್ಲಿ ಪುಟ್ಟ ಪರದೆ, ಕೀಲಿಮಣೆ. ನಮ್ಮಲ್ಲಿ ನಕಲು ಪ್ರತಿಗೆ ಜೆರಾಕ್ಸ್ ಎನ್ನುವಂತೆ ಅಲ್ಲಿನ ಚಾಲಕರು ಆ ಪೆಟ್ಟಿಗೆಯನ್ನೇ 'ಕ್ವಾಲ್ಕಾಮ್' ಎನ್ನತೊಡಗಿದರು. ಟ್ರಕ್ಕಿನಿಂದ ಮೇಲೆ ಹೋಗುತ್ತಿದ್ದ ಮಾಹಿತಿ ಸೆಕೆಂಡಿಗೆ ಇನ್ನೂರು ಬಿಟ್ ಕೂಡ ಇರಲಿಲ್ಲ. ಇವತ್ತು ಲಾರಿ ಮಾಲೀಕರಿಗೆ ಕಳಿಸುವ ಒಂದು ನಿಮಿಷದ ವಾಟ್ಸಾಪ್ ದನಿ ಸಂದೇಶ ಆ ದಾರಿಯಲ್ಲಿ ಹೋಗಿದ್ದರೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು.

ಅಷ್ಟು ಸಣ್ಣ ಆಂಟೆನಾಗೆ ಗುರಿ ಇಟ್ಟು ಹೊಡೆಯುವ ಶಕ್ತಿಯಿಲ್ಲ. ಅದರ ಅಲೆ ಅಗಲವಾಗಿ ಚೆಲ್ಲಿ ಪಕ್ಕದ ಉಪಗ್ರಹಗಳಿಗೂ ತಾಗುತ್ತದೆ. ಅದಕ್ಕೆ ಎಂಜಿನಿಯರುಗಳು ಹೂಡಿದ ಉಪಾಯವೆಂದರೆ ಸಂಕೇತವನ್ನು ಬಹಳ ಅಗಲದ ತರಂಗಪಟ್ಟಿಯ ಮೇಲೆ ತೆಳ್ಳಗೆ ಹರಡುವುದು. ದೋಸೆ ಹಿಟ್ಟನ್ನು ಕಾವಲಿಯ ತುಂಬ ಎಳೆದಂತೆ. ಯಾವ ಒಂದು ಬಿಂದುವಿನಲ್ಲೂ ಅದು ನೆರೆಯವರಿಗೆ ತೊಂದರೆ ಕೊಡುವಷ್ಟು ದಪ್ಪ ಇರುವುದಿಲ್ಲ, ಆದರೆ ಹರಡಿದ ಕ್ರಮ ಗೊತ್ತಿದ್ದವರು ಪೂರ್ತಿ ಒಟ್ಟುಗೂಡಿಸಬಲ್ಲರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮ ಕೊಟ್ಟರೆ ಒಂದೇ ಪಟ್ಟಿಯಲ್ಲಿ ಹಲವರು ಏಕಕಾಲಕ್ಕೆ ಮಾತಾಡಬಹುದು. ಮಂಗಳೂರಿನ ದಕ್ಕೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಒಟ್ಟಿಗೇ ಕೇಳುತ್ತಿದ್ದರೂ ಅವರವರ ವ್ಯಾಪಾರ ಅವರವರಿಗೆ ಕುದುರುತ್ತದಲ್ಲ, ಹಾಗೆ. ಟ್ರಕ್ಕುಗಳಿಂದ ಬಂದ ಹಣ ಇದೇ ತತ್ವವನ್ನು ಮೊಬೈಲ್ ಫೋನಿಗೆ ಅಳವಡಿಸುವ ಸಂಶೋಧನೆಗೆ ನೆರವಾಯಿತು. 1989ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಅದರ ಪ್ರಾತ್ಯಕ್ಷಿಕೆ ನಡೆಯಿತು. ಹೆಸರು ಸಿಡಿಎಂಎ. 2002ರ ಕೊನೆಯಲ್ಲಿ ರಿಲಯನ್ಸ್ ಭಾರತದಲ್ಲಿ ಹಂಚಿದ ಅಗ್ಗದ ಫೋನುಗಳಲ್ಲಿ ಇದ್ದದ್ದು ಅದೇ. ಮುಂದೆ 3ಜಿಗೂ ಬುನಾದಿ ಅದೇ. 1997ರ ಮೊದಲ ವೈಫೈ ಮಾನದಂಡವೂ ಹರಡುವ ವಿದ್ಯೆಯನ್ನೇ ಬಳಸಿತು. 4ಜಿ ಬೇರೆ ಹಾದಿ ಹಿಡಿದಿದೆ, ನಿಜ. ಆದರೂ ಫೋನು ಓಡಾಡುವ ಜನರ ಕೈಗೆ ಬಂದದ್ದರ ಹಿಂದೆ ವಿಸ್ಕಾನ್ಸಿನ್ನಿನ ಶ್ನೈಡರ್ ಸಂಸ್ಥೆಯ ಕಿತ್ತಳೆ ಬಣ್ಣದ ಟ್ರಕ್ಕುಗಳ ಬಾಡಿಗೆ ದುಡ್ಡೂ ಒಂದಷ್ಟಿದೆ ಎಂಬುದನ್ನು ಲಾರಿಯವರು ಜಂಬದಿಂದಲೇ ಹೇಳಿಕೊಳ್ಳಬಹುದು.

ಓಡುವಾಗ ಗುಡ್ಡ ಶತ್ರುವಾದರೆ ನಿಂತಾಗ ಜನಸಂದಣಿ. ಅಮೆರಿಕದ ಟ್ರಕ್ ನಿಲ್ದಾಣಗಳು ರಾತ್ರಿ ತಂಗುವ ಚಾಲಕರಿಗಾಗಿ ವೈಫೈ ಹಾಕಿಸಿದವು. 2000ದಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಹುಟ್ಟಿದ ಐಡಲ್‌ಏರ್ ಎಂಬ ಕಂಪನಿ ಇನ್ನೂ ಮುಂದೆ ಹೋಗಿ, ನಿಲ್ಲಿಸಿದ ಟ್ರಕ್ಕಿನ ಕಿಟಕಿಗೆ ಒಂದು ಕೊಳವೆ ಸಿಕ್ಕಿಸಿ ತಣ್ಣನೆ ಗಾಳಿ, ಟಿವಿ, ಇಂಟರ್ನೆಟ್ ಮೂರನ್ನೂ ಒಳಗೆ ಬಿಟ್ಟಿತು. ಎಸಿಗಾಗಿ ಇಡೀ ರಾತ್ರಿ ಎಂಜಿನ್ ಓಡಿಸಿ ಡೀಸೆಲ್ ಸುಡುವುದು ತಪ್ಪಲಿ ಎಂಬ ಲೆಕ್ಕ. ಯೋಚನೆ ಸೊಗಸಾಗಿತ್ತು, ಖರ್ಚು ಭಾರಿಯಾಗಿತ್ತು. 2008ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ವೈಫೈಯ ಶಿಸ್ತು ಸಭ್ಯರದ್ದು: ಮಾತಾಡುವ ಮುನ್ನ ಕಿವಿಗೊಡು, ಯಾರೂ ಮಾತಾಡದಿದ್ದರೆ ಮಾತ್ರ ಬಾಯಿಬಿಡು. ನೂರು ಲಾರಿ ಸಾಲಾಗಿ ನಿಂತ ಬಯಲಿನಲ್ಲಿ ಈ ಶಿಸ್ತು ವಿಚಿತ್ರವಾಗಿ ಕೆಡುತ್ತದೆ. ಒಂದು ಕಬ್ಬಿಣದ ಕಂಟೇನರ್. ಅದರ ಈ ಪಕ್ಕ ಒಬ್ಬ, ಆ ಪಕ್ಕ ಇನ್ನೊಬ್ಬ. ಕಂಬದ ಮೇಲಿನ ವೈಫೈ ಪೆಟ್ಟಿಗೆಗೆ ಇಬ್ಬರೂ ಕೇಳಿಸುತ್ತಾರೆ, ಅವರಿಬ್ಬರಿಗೆ ಮಾತ್ರ ಒಬ್ಬರಿಗೊಬ್ಬರು ಕೇಳಿಸುವುದಿಲ್ಲ. ಇಬ್ಬರೂ ಗಾಳಿ ಖಾಲಿಯಿದೆ ಎಂದುಕೊಂಡು ಒಟ್ಟಿಗೆ ಬಾಯಿ ಬಿಡುತ್ತಾರೆ, ಪೆಟ್ಟಿಗೆಗೆ ಬರೀ ಗಲಾಟೆ ಮುಟ್ಟುತ್ತದೆ. ತಿರುವಿನಲ್ಲಿ ಹಾರನ್ ಕೇಳಿಸದೆ ಎದುರಾಬದುರಾಗುವ ಎರಡು ಲಾರಿಗಳಂತೆ. ಬೆಂಗಳೂರಿನ ಯಶವಂತಪುರದ ಟ್ರಕ್ ಟರ್ಮಿನಲ್ಲಿನಂಥ ಕಡೆ ಕಂಬದ ವೈಫೈಗಿಂತ ಕ್ಯಾಬಿನ್ನಿಗೊಂದು ಹಾಟ್‌ಸ್ಪಾಟು ಎಂಬುದೇ ರೂಢಿ. ಅಲ್ಲೂ ಕತೆ ಸುಲಭವಲ್ಲ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದಂತೆ ಕೂರಿಸಬಹುದಾದ ಮಾಮೂಲಿ ಸಾಲುಗಳು ಮೂರೇ. ಎಲ್ಲರೂ ಆ ಮೂರರಲ್ಲೇ ಸರದಿ ಕಾಯಬೇಕು.

ಇದೆಲ್ಲ ಬರೀ ಹಾಡಿಗಾಗಿ ಅಲ್ಲ. ಸರಕು ಸಾಗಿಸುವ ಲಾರಿಗೆ ಇ-ವೇ ಬಿಲ್ ಎಂಬ ಆನ್‌ಲೈನ್ ರಹದಾರಿ ಬೇಕು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ. 200 ಕಿಲೋಮೀಟರಿಗೆ ಒಂದು ದಿನ ಎಂಬುದು ಅದರ ಆಯುಸ್ಸು. ಗಾಡಿ ಕೆಟ್ಟು ಸರಕನ್ನು ಬೇರೆ ಲಾರಿಗೆ ತುಂಬಿದರೆ ಹೊಸ ನಂಬರು ಏರಿಸಬೇಕು, ಅದಕ್ಕೂ ನೆಟ್ಟು. ವಾಪಸು ಲೋಡು ಹುಡುಕಲು, ಡೀಸೆಲ್ ಹಣ ತರಿಸಿಕೊಳ್ಳಲು, ಫಾಸ್ಟ್ಯಾಗಿನಲ್ಲಿ ಎಷ್ಟು ಉಳಿದಿದೆ ನೋಡಲು ನೆಟ್ಟು. ತಮಾಷೆಯೆಂದರೆ ಗಾಜಿಗೆ ಅಂಟಿದ ಫಾಸ್ಟ್ಯಾಗಿಗೆ ಮಾತ್ರ ಸಿಮ್ಮೂ ಬೇಡ, ಬ್ಯಾಟರಿಯೂ ಬೇಡ. ಟೋಲಿನ ಮೇಲಿರುವ ಯಂತ್ರ ಬೀಸುವ 865ರಿಂದ 867 ಮೆಗಾಹರ್ಟ್ಸಿನ ಅಲೆಯನ್ನೇ ಉಂಡು, ಆ ಬಲದಲ್ಲೇ ತನ್ನ ಸಂಖ್ಯೆ ಒದರುತ್ತದೆ. ಚಾಲಕ ಕೈಯಲ್ಲಿ ಫೋನು ಹಿಡಿದು ಓಡಿಸುವಂತಿಲ್ಲ, ದಾರಿ ನೋಡಲಷ್ಟೇ ವಿನಾಯಿತಿ. ಹೀಗಾಗಿ ಕ್ಯಾಬಿನ್ನಿನ ನೆಟ್ಟಿನ ಕಾರಭಾರಿ ಕ್ಲೀನರೇ. ದಿನದ ಒಂದೂವರೆ ಜಿಬಿಯನ್ನು ಸಂಜೆಯೊಳಗೆ ಸಿನಿಮಾಕ್ಕೆ ಸುರಿದು, 64 ಕೆಬಿಪಿಎಸ್‌ಗೆ ಇಳಿದ ನೆಟ್ಟಿನಲ್ಲಿ ಲೋಡಿನ ಫೋಟೊ ಕಳಿಸಲು ಒದ್ದಾಡಿ ಬೈಸಿಕೊಳ್ಳುವವನೂ ಅವನೇ.

ಘಾಟಿ ಮುಗಿದು ಗುಂಡ್ಯ ಸಮೀಪಿಸುತ್ತಿದ್ದಂತೆ ಫೋನು ಒಮ್ಮೆಲೇ ಎಚ್ಚರಾಗುತ್ತದೆ. ಟಣ್, ಟಣ್, ಟಣ್. ಘಾಟಿಯಲ್ಲಿ ಸಿಕ್ಕಿಬಿದ್ದಿದ್ದ ಸಂದೇಶಗಳು ಸಾಲುಸಾಲಾಗಿ ಇಳಿಯುತ್ತವೆ. ಡ್ಯಾಶ್‌ಬೋರ್ಡಿನ ಒಳಗೆ ಗಾಡಿಯ ಜಾಗ ತಿಳಿಸುವ ಪೆಟ್ಟಿಗೆಯೊಂದು ಬೇರೆ ಇದೆ. ಉಪಗ್ರಹಗಳ ಸಂಕೇತ ಕಣಿವೆಯಲ್ಲೂ ಮೇಲಿನಿಂದ ಅಷ್ಟಿಷ್ಟು ಸಿಗುವುದರಿಂದ ತಾನೆಲ್ಲಿದ್ದೇನೆಂದು ಅದಕ್ಕೆ ಗೊತ್ತಿತ್ತು, ಹೇಳಲು ಟವರು ಇರಲಿಲ್ಲ. ಪ್ರತಿ ತಿರುವನ್ನೂ ಬರೆದಿಟ್ಟುಕೊಂಡ ಅದು ಈಗ ಒಂದೇ ಉಸಿರಿಗೆ ಕಚೇರಿಗೆ ಒಪ್ಪಿಸುತ್ತದೆ. ಅಲ್ಲಿ ಕುಳಿತವರ ಪರದೆಯ ಮೇಲೆ ಇಷ್ಟು ಹೊತ್ತು ಸಕಲೇಶಪುರದಲ್ಲೇ ನಿಂತಿದ್ದ ಲಾರಿ ದಿಢೀರನೆ ಘಾಟಿ ಇಳಿದಿರುತ್ತದೆ. ಹುಡುಗನ ಹಾಡು ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಬಂಟ್ವಾಳ, ಮಂಗಳೂರು ದಾಟಿ ಅನಿಲ ತುಂಬುವ ಘಟಕದ ಗೇಟಿಗೆ ಬಂದಾಗ ಸಾಲು ಉದ್ದವಿರುತ್ತದೆ. ಒಳಗೆ ಬೆಂಕಿಪೊಟ್ಟಣ ಒಯ್ಯುವಂತಿಲ್ಲ, ಫೋನೂ ಒಯ್ಯುವಂತಿಲ್ಲ. ಅನಿಲ ಸೋರಬಹುದಾದ ಜಾಗದಲ್ಲಿ ಕಿಡಿಯ ಭಯವಿಲ್ಲದಂತೆ ತಯಾರಿಸಿದ ಉಪಕರಣಗಳಿಗೆ ಮಾತ್ರ ಪ್ರವೇಶ. ಡ್ರೈವರ್ ಸ್ಟ್ಯಾಂಡಿನಿಂದ ಫೋನು ಕಿತ್ತು, ಇನ್ನೂ ಬೆಚ್ಚಗಿರುವ ಅದರ ಬೆನ್ನನ್ನು ಪ್ಯಾಂಟಿಗೆ ಒರೆಸಿ, ಗುಂಡಿ ಒತ್ತಿ ಹಿಡಿಯುತ್ತಾನೆ.

"ಅಣ್ಣಾ, ಎರಡೇ ನಿಮಿಷ ಇದೆ, ಮುಗೀಲಿ."

"ವಾಪಸ್ ಬರುವಾಗ ನೋಡುವಿಯಂತೆ" ಎಂದು ಅವನು ಎರಡೂ ಫೋನುಗಳನ್ನು ಗೇಟಿನವನ ಕೈಗೆ ಕೊಟ್ಟು ಟೋಕನ್ ಈಸಿಕೊಳ್ಳುತ್ತಾನೆ.